ಬಾಡಿಗೆಗೆಂದು ಫ್ಲ್ಯಾಟ್ ಕೊಂಡರೆ ತೆರಿಗೆ ಎಷ್ಟು ಉಳಿಯುತ್ತದೆ?

ಪ್ರಶ್ನೆ: ನಾನು ಹುಬ್ಬಳ್ಳಿಯ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪ್ರಾಧ್ಯಾಪಕಿ. ವಯಸ್ಸು 46, ವಾರ್ಷಿಕ ಸಂಬಳ 18 ಲಕ್ಷ ರೂಪಾಯಿ. ಪತಿಗೆ ಔಷಧ ಅಂಗಡಿಯಿಂದ ವರ್ಷಕ್ಕೆ ಸುಮಾರು 7 ಲಕ್ಷ ಆದಾಯವಿದೆ. ಊರಲ್ಲಿ ಸ್ವಂತ ಮನೆ ಇದೆ, ಅದರ ಮೇಲೆ ಸಾಲವಿಲ್ಲ. ಬ್ಯಾಂಕಿನಲ್ಲಿ 40 ಲಕ್ಷ ಠೇವಣಿ ಇದೆ. ಬೆಂಗಳೂರಿನಲ್ಲಿ 80 ಲಕ್ಷಕ್ಕೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಂಡು ತಿಂಗಳಿಗೆ 25,000 ರೂಪಾಯಿಗೆ ಬಾಡಿಗೆಗೆ ಕೊಡುವ ಯೋಚನೆಯಿದೆ. 50 ಲಕ್ಷ ಗೃಹಸಾಲ ಮಾಡಬೇಕಾಗುತ್ತದೆ. ಬಾಡಿಗೆ ಮನೆಯಾದರೆ ಸಾಲದ ಬಡ್ಡಿಗೆ ಪೂರ್ತಿ ತೆರಿಗೆ ವಿನಾಯಿತಿ ಸಿಗುತ್ತದೆ, ಸಂಬಳದ ತೆರಿಗೆಯೂ ಇಳಿಯುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಬಾಡಿಗೆಯ ಬದಲು ಭೋಗ್ಯಕ್ಕೆ ಕೊಟ್ಟರೆ ತೆರಿಗೆಯೇ ಇಲ್ಲ ಎನ್ನುವವರೂ ಇದ್ದಾರೆ. ಇದು ನಿಜವೇ? ಠೇವಣಿಗಿಂತ ಇದು ಲಾಭವೇ? ಯಾರ ಹೆಸರಿನಲ್ಲಿ ಕೊಳ್ಳಬೇಕು?

ಉತ್ತರ: ನಿಮ್ಮ ಸಹೋದ್ಯೋಗಿಗಳು ಹೇಳಿದ್ದು ಒಂದು ಕಾಲಕ್ಕೆ ನಿಜವಾಗಿತ್ತು. 2017ರ ಏಪ್ರಿಲ್‌ಗೆ ಮೊದಲು ಬಾಡಿಗೆ ಮನೆಯ ಸಾಲಕ್ಕೆ ಎಷ್ಟೇ ಬಡ್ಡಿ ಕಟ್ಟಿದ್ದರೂ, ಅದರಿಂದ ಮನೆಯ ಲೆಕ್ಕದಲ್ಲಿ ಬಂದ ನಷ್ಟವನ್ನೆಲ್ಲ ಅದೇ ವರ್ಷದ ಸಂಬಳದಿಂದ ಕಳೆದುಕೊಳ್ಳಬಹುದಿತ್ತು. 2017-18ರಿಂದ ಹಾಗೆ ಕಳೆಯುವ ಮೊತ್ತಕ್ಕೆ ವರ್ಷಕ್ಕೆ 2 ಲಕ್ಷದ ಮಿತಿ ಬಂತು. 2020-21ರಲ್ಲಿ ಜಾರಿಯಾಗಿ 2023-24ರಿಂದ ಎಲ್ಲರಿಗೂ ತಾನಾಗಿಯೇ ಅನ್ವಯಿಸುವ ಹೊಸ ತೆರಿಗೆ ಪದ್ಧತಿಯಲ್ಲಿ ಆ 2 ಲಕ್ಷವೂ ಹೋಯಿತು. ಅನುಕೂಲ ಪೂರ್ತಿ ಮಾಯವಾಗಿಲ್ಲ. ಆದರೆ ಈಗ ಅದಿರುವುದು ಸಂಬಳದ ತೆರಿಗೆಯಲ್ಲಲ್ಲ, ಬಾಡಿಗೆಯ ತೆರಿಗೆಯಲ್ಲಿ. ಇಷ್ಟನ್ನು ಬೇರ್ಪಡಿಸಿ ನೋಡಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಸುಲಭವಾಗುತ್ತದೆ.

ಮೊದಲು ಬಾಡಿಗೆ ಆದಾಯದ ಲೆಕ್ಕ ಹೇಗೆ ಎಂಬುದನ್ನು ನಿಮ್ಮ ಅಂಕಿಗಳಲ್ಲೇ ನೋಡೋಣ. ವರ್ಷದ ಬಾಡಿಗೆ 3,00,000. ಅದರಲ್ಲಿ ನೀವು ಆ ವರ್ಷ ನಿಜವಾಗಿ ಪಾವತಿಸಿದ ಆಸ್ತಿ ತೆರಿಗೆಯನ್ನು ಮೊದಲು ಕಳೆಯಬೇಕು. ಅದು 10,000 ಎಂದು ಹಿಡಿದರೆ ಉಳಿಯುವುದು 2,90,000. ಈ ಮೊತ್ತದ ಶೇಕಡ 30, ಅಂದರೆ 87,000 ರೂಪಾಯಿ, ದುರಸ್ತಿ ಇತ್ಯಾದಿ ಖರ್ಚಿನ ಬಾಬ್ತು ಎಂದು ಕಾನೂನೇ ಬಿಟ್ಟುಕೊಡುತ್ತದೆ. ನೀವು ಒಂದು ರೂಪಾಯಿ ಖರ್ಚು ಮಾಡದಿದ್ದರೂ ಇದು ಸಿಗುತ್ತದೆ, ರಸೀದಿ ಬೇಕಿಲ್ಲ. ಹಾಗೆಯೇ ಸುಣ್ಣಬಣ್ಣ, ಪ್ಲಂಬರ್, ಅಪಾರ್ಟ್‌ಮೆಂಟ್ ಸಂಘದ ನಿರ್ವಹಣಾ ಶುಲ್ಕ, ದಲ್ಲಾಳಿಯ ಕಮಿಷನ್ ಎಂದು ಎರಡು ಲಕ್ಷ ಖರ್ಚಾಗಿದ್ದರೂ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ. ಉಳಿದ 2,03,000ದಿಂದ ಸಾಲದ ಬಡ್ಡಿಯನ್ನು ಕಳೆಯಬೇಕು. 50 ಲಕ್ಷಕ್ಕೆ ಶೇಕಡ 8.5ರ ಬಡ್ಡಿಯಲ್ಲಿ 20 ವರ್ಷದ ಸಾಲವಾದರೆ ತಿಂಗಳ ಕಂತು ಸುಮಾರು 43,400 ಆಗುತ್ತದೆ. ಮೊದಲ ವರ್ಷ ಕಟ್ಟುವ 5.21 ಲಕ್ಷದಲ್ಲಿ 4.21 ಲಕ್ಷ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಒಂದು ಲಕ್ಷಕ್ಕೂ ತುಸು ಕಡಿಮೆ. ಹೀಗಾಗಿ ಮನೆಯ ಲೆಕ್ಕದಲ್ಲಿ 2.18 ಲಕ್ಷ ನಷ್ಟ ಬರುತ್ತದೆ.

ಹೊಸ ಪದ್ಧತಿಯಲ್ಲಿ ಈ ನಷ್ಟಕ್ಕೆ ಬೆಲೆಯಿಲ್ಲ. ಬಾಡಿಗೆಯ ಮೇಲಿನ ತೆರಿಗೆ ಸೊನ್ನೆಯಾಗುತ್ತದೆ, ಅಷ್ಟೇ. 2.18 ಲಕ್ಷವನ್ನು ಸಂಬಳದ ಎದುರು ತೋರಿಸಲು ಬರುವುದಿಲ್ಲ, ಮುಂದಿನ ವರ್ಷಗಳಲ್ಲಿ ಸಿಗುತ್ತದೆಂದು ನಂಬಿಕೊಂಡು ಲೆಕ್ಕ ಹಾಕುವುದೂ ಸರಿಯಲ್ಲ. ಹಳೆ ಪದ್ಧತಿಯನ್ನು ಆರಿಸಿಕೊಂಡರೆ 2 ಲಕ್ಷವನ್ನು ಸಂಬಳದಿಂದ ಕಳೆಯಬಹುದು, ಉಳಿದ 18,000ವನ್ನು ಮುಂದಿನ 8 ವರ್ಷಗಳಲ್ಲಿ ಮನೆ ಬಾಡಿಗೆಯ ಆದಾಯದ ಎದುರು ಮಾತ್ರ ಹೊಂದಿಸಿಕೊಳ್ಳಬಹುದು. ಹಾಗಾದರೆ ಹಳೆ ಪದ್ಧತಿಯೇ ಮೇಲು ಎನ್ನಿಸುವುದು ಸಹಜ, ಆದರೆ ನಿಮ್ಮ ಮಟ್ಟಿಗೆ ಅದು ಹಾಗಿಲ್ಲ. 2025-26ರ ಆರ್ಥಿಕ ವರ್ಷದ ದರಗಳ ಪ್ರಕಾರ ಹೊಸ ಪದ್ಧತಿಯಲ್ಲಿ 18 ಲಕ್ಷ ಸಂಬಳದಿಂದ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ಸಿಗುವ ನಿಗದಿತ ಕಡಿತ) ಕಳೆದು ನೀವು ಕಟ್ಟಬೇಕಾದ ತೆರಿಗೆ ಸೆಸ್ ಸೇರಿ 1,50,800. ಹಳೆ ಪದ್ಧತಿಯಲ್ಲಿ 50,000ದ ಸ್ಟ್ಯಾಂಡರ್ಡ್ ಡಿಡಕ್ಷನ್, ಪಿಎಫ್ ಮತ್ತು ಸಾಲದ ಅಸಲಿನ ಬಾಬ್ತು 1.5 ಲಕ್ಷ, ಆರೋಗ್ಯ ವಿಮೆಯ 25,000, ಮನೆಯ ನಷ್ಟದ 2 ಲಕ್ಷ ಎಲ್ಲ ಕಳೆದ ಮೇಲೂ ತೆರಿಗೆ 2,34,000 ಆಗುತ್ತದೆ. ಅಂದರೆ ಮನೆಯ ನಷ್ಟ ತೋರಿಸುವ ಸಲುವಾಗಿ ಹಳೆ ಪದ್ಧತಿಗೆ ಹೋದರೆ ನೀವು 83,200 ರೂಪಾಯಿ ಹೆಚ್ಚು ಕಟ್ಟುತ್ತೀರಿ. ಇನ್ನೂ ಸುಮಾರು 2.67 ಲಕ್ಷದ ವಿನಾಯಿತಿ ಬೇರೆಡೆಯಿಂದ ಒದಗಿದರೆ ಮಾತ್ರ ಎರಡೂ ಸಮವಾಗುತ್ತವೆ. ಬೆಂಗಳೂರಿನಲ್ಲಿ ತಾವೇ ದೊಡ್ಡ ಬಾಡಿಗೆ ಕಟ್ಟುತ್ತಾ ಸಂಬಳದ ಮನೆ ಬಾಡಿಗೆ ಭತ್ಯೆಗೆ (ಎಚ್‌ಆರ್‌ಎ) ವಿನಾಯಿತಿ ಪಡೆಯುವವರಿಗೆ ಅದು ಒದಗಬಹುದು. ಸ್ವಂತ ಮನೆಯಲ್ಲಿರುವ ನಿಮಗೆ ಒದಗುವುದಿಲ್ಲ.

ಇದರಿಂದ ಹೊರಡುವ ಒಂದು ಸಂಗತಿಯನ್ನು ಸಾಲ ಕೊಡುವ ಬ್ಯಾಂಕಿನವರು ಸಾಮಾನ್ಯವಾಗಿ ಹೇಳುವುದಿಲ್ಲ. ನಿಮ್ಮ ಬಾಡಿಗೆಯಲ್ಲಿ ತೆರಿಗೆಗೆ ಒಳಪಡಬಹುದಾದ ಭಾಗವೇ 2.03 ಲಕ್ಷ. ಶೇಕಡ 8.5ರ ದರದಲ್ಲಿ ಅಷ್ಟು ಬಡ್ಡಿ ಹುಟ್ಟಲು 24 ಲಕ್ಷದ ಸಾಲ ಸಾಕು. ಅದರಾಚೆಗಿನ 26 ಲಕ್ಷ ಸಾಲದ ಬಡ್ಡಿ ತೆರಿಗೆಯ ದೃಷ್ಟಿಯಿಂದ ಬರೀ ಖರ್ಚು. ಸಾಲ ದೊಡ್ಡದಾದಷ್ಟೂ ತೆರಿಗೆ ಉಳಿತಾಯ ದೊಡ್ಡದು ಎಂಬ ಹಳೆಯ ನಂಬಿಕೆ ಹೊಸ ಪದ್ಧತಿಯಲ್ಲಿ ತಲೆಕೆಳಗಾಗಿದೆ.

ಹಾಗಾದರೆ ಉಳಿದಿರುವ ಅನುಕೂಲ ಯಾವುದು? ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಆ ಶೇಕಡ 30ರ ಕಡಿತ. ಸಾಲವೇ ಇಲ್ಲದೆ 3 ಲಕ್ಷ ಬಾಡಿಗೆ ಬರುವ ಮನೆ ನಿಮ್ಮದಾಗಿದ್ದರೆ, 2.03 ಲಕ್ಷಕ್ಕೆ ನಿಮ್ಮ ಶೇಕಡ 20ರ ಹಂತದಲ್ಲಿ ಸೆಸ್ ಸೇರಿ ಸುಮಾರು 42,200 ತೆರಿಗೆ ಬರುತ್ತದೆ. ಅದೇ 3 ಲಕ್ಷ ಠೇವಣಿಯ ಬಡ್ಡಿಯಾಗಿ ಬಂದರೆ ಯಾವ ಕಡಿತವೂ ಇಲ್ಲದೆ ಪೂರ್ತಿ ಮೊತ್ತಕ್ಕೆ 63,700 ಕಟ್ಟಬೇಕು. ವರ್ಷಕ್ಕೆ 21,500 ರೂಪಾಯಿಯ ಈ ವ್ಯತ್ಯಾಸ ಶಾಶ್ವತವಾದದ್ದು, ಬಾಡಿಗೆ ಏರಿದಂತೆ ಅದೂ ಏರುತ್ತದೆ. ಸಾಲವಿದ್ದಾಗ ಎರಡನೆಯ ಅನುಕೂಲ ಸೇರಿಕೊಳ್ಳುತ್ತದೆ: ಬಾಡಿಗೆ ವರ್ಷಕ್ಕೆ ಶೇಕಡ 5ರಂತೆ ಏರುತ್ತಾ ಹೋದರೂ, ನಿಮ್ಮ 50 ಲಕ್ಷದ ಸಾಲದ ಬಡ್ಡಿ ಅದನ್ನು ಸುಮಾರು ಒಂಬತ್ತನೆಯ ವರ್ಷದವರೆಗೂ ನುಂಗಿಹಾಕುತ್ತದೆ. ಅಲ್ಲಿಯವರೆಗೆ ಬಾಡಿಗೆಗೆ ತೆರಿಗೆಯಿಲ್ಲ. ಬಾಡಿಗೆದಾರರು ಹಣ ಕೊಡದೆ ಖಾಲಿ ಮಾಡಿ ಹೋದರೆ, ಅಥವಾ ಮನೆ ಕೆಲವು ತಿಂಗಳು ಖಾಲಿ ಬಿದ್ದಿದ್ದರೆ, ಬಾರದ ಬಾಡಿಗೆಗೆ ತೆರಿಗೆ ಕಟ್ಟದಿರಲು ಕಾನೂನಿನಲ್ಲಿ ಷರತ್ತುಬದ್ಧ ಅವಕಾಶವಿದೆ.

ಯೂಟ್ಯೂಬಿನಲ್ಲಿ ನೋಡಿದ ಅಮೆರಿಕದ ಲೆಕ್ಕವನ್ನು ಇಲ್ಲಿಗೆ ತಂದು ಕೇಳುವವರು ಈಚೆಗೆ ಬಹಳ. ಅಲ್ಲಿ ಬಾಡಿಗೆ ಮನೆಯ ಕಟ್ಟಡದ ಬೆಲೆಯನ್ನು ಸವಕಳಿಯೆಂದು ವರ್ಷವರ್ಷವೂ ಆದಾಯದಿಂದ ಕಳೆಯುತ್ತಾರೆ. ನಮ್ಮಲ್ಲಿ ಮನೆ ಆಸ್ತಿಯ ಆದಾಯಕ್ಕೆ ಸವಕಳಿಯಿಲ್ಲ. ಬಾಡಿಗೆಯನ್ನು ವ್ಯಾಪಾರದ ಆದಾಯವೆಂದು ತೋರಿಸಿ ಸವಕಳಿ, ದುರಸ್ತಿ ಎಲ್ಲವನ್ನೂ ಕಳೆಯುತ್ತಿದ್ದವರ ದಾರಿಯನ್ನು 2024ರ ಬಜೆಟ್ ಮುಚ್ಚಿತು, ವಾಸದ ಮನೆಯ ಬಾಡಿಗೆಯನ್ನು ಮನೆ ಆಸ್ತಿಯ ಆದಾಯವೆಂದೇ ತೋರಿಸಬೇಕು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದ್ದರೂ, ಸೆಕ್ಷನ್ ಸಂಖ್ಯೆಗಳು ಬದಲಾಗಿವೆಯೇ ಹೊರತು ಬಾಡಿಗೆಯ ಲೆಕ್ಕದ ಈ ಚೌಕಟ್ಟು ಬದಲಾಗಿಲ್ಲ.

ಇನ್ನು ಠೇವಣಿಗಿಂತ ಲಾಭವೇ ಎಂಬ ಪ್ರಶ್ನೆ. 80 ಲಕ್ಷದ ಫ್ಲ್ಯಾಟಿಗೆ ನಿಮ್ಮ ಕೈಬಿಡುವುದು 80 ಲಕ್ಷವಲ್ಲ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1ರಿಂದ 2ಕ್ಕೆ ಏರಿದ ಮೇಲೆ, ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ನಗರ ಪ್ರದೇಶದಲ್ಲಿ ಶೇಕಡ 7.6 ಆಗುತ್ತದೆ. ನಿಮಗೆ ಅದೇ 6.08 ಲಕ್ಷ. ಕಟ್ಟಡ ಇನ್ನೂ ನಿರ್ಮಾಣ ಹಂತದಲ್ಲಿದ್ದರೆ ಜಿಎಸ್‌ಟಿ ಬೇರೆ ಶೇಕಡ 5. ಕಟ್ಟಡ ವಾಸಕ್ಕೆ ಸಿದ್ಧವೆಂದು ಪಾಲಿಕೆ ಕೊಡುವ ಸ್ವಾಧೀನ ಪ್ರಮಾಣಪತ್ರ (ಒಸಿ) ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಅಡುಗೆಮನೆಯ ಕಪಾಟು, ವಾರ್ಡ್‌ರೋಬ್, ಫ್ಯಾನು, ಗೀಸರ್ ಇಲ್ಲದೆ 25,000 ಬಾಡಿಗೆ ಹುಟ್ಟುವುದು ಕಷ್ಟ, ಅದಕ್ಕೆ 3 ಲಕ್ಷವಾದರೂ ಬೇಕು. ಒಟ್ಟು 89 ಲಕ್ಷಕ್ಕೆ ವರ್ಷದ 3 ಲಕ್ಷ ಎಂದರೆ ಶೇಕಡ 3.4. ಸಾಲದ ಬಡ್ಡಿ ಶೇಕಡ 8.5. ಈ ಎರಡು ಅಂಕಿಗಳ ನಡುವಿನ ಕಂದರವನ್ನು ಪ್ರತಿ ತಿಂಗಳೂ ನಿಮ್ಮ ಸಂಬಳವೇ ತುಂಬಬೇಕು. ಕಂತು, ಆಸ್ತಿ ತೆರಿಗೆ, ಚಿಲ್ಲರೆ ದುರಸ್ತಿ ಎಲ್ಲ ಕೂಡಿ ಬಾಡಿಗೆ ಕಳೆದರೆ ಮೊದಲ ವರ್ಷ ಕೈಯಿಂದ ಹೋಗುವುದು 2.5 ಲಕ್ಷ, ತಿಂಗಳಿಗೆ ಸುಮಾರು 21,000. ಮನೆ ಒಂದೆರಡು ತಿಂಗಳು ಖಾಲಿ ಬಿದ್ದರೆ ಇನ್ನೂ ಹೆಚ್ಚು.

ಹತ್ತು ವರ್ಷ ಇಟ್ಟುಕೊಂಡು ಮಾರಿದಿರಿ ಎಂದುಕೊಳ್ಳೋಣ. ಬೆಲೆ ವರ್ಷಕ್ಕೆ ಶೇಕಡ 5ರಂತೆ ಏರಿದರೆ ಫ್ಲ್ಯಾಟು 1.30 ಕೋಟಿಗೆ ಹೋಗುತ್ತದೆ. ಉಳಿದ ಸಾಲ 35 ಲಕ್ಷ, ದಲ್ಲಾಳಿ, ಬಂಡವಾಳ ಲಾಭದ ತೆರಿಗೆ ಎಲ್ಲ ತೀರಿಸಿ ಕೈಗೆ ಬರುವುದು 88 ಲಕ್ಷದ ಆಸುಪಾಸು. ಮೊದಲು ಹಾಕಿದ 39 ಲಕ್ಷಕ್ಕೂ ನಂತರ ಪ್ರತಿ ವರ್ಷ ಕೈಯಿಂದ ತುಂಬಿದ ಹಣಕ್ಕೂ ಇದನ್ನು ಹೋಲಿಸಿದರೆ ನಿಮ್ಮ ಹಣ ವರ್ಷಕ್ಕೆ ಶೇಕಡ 5ಕ್ಕಿಂತ ತುಸು ಹೆಚ್ಚು ಬೆಳೆದಂತಾಗುತ್ತದೆ. ಶೇಕಡ 7ರ ಠೇವಣಿ ತೆರಿಗೆ ಕಳೆದು ಕೊಡುವುದು ಶೇಕಡ 5.5. ಅಂದರೆ ಇಷ್ಟೆಲ್ಲ ಓಡಾಟ ಮಾಡಿ ಠೇವಣಿಯ ಸಮಕ್ಕೂ ಬರಲಿಲ್ಲ. ಅದೇ ಬೆಲೆ ವರ್ಷಕ್ಕೆ ಶೇಕಡ 8ರಂತೆ ಏರಿದರೆ ಪ್ರತಿಫಲ ಶೇಕಡ 9ನ್ನು ದಾಟುತ್ತದೆ, ಆಗ ಫ್ಲ್ಯಾಟು ಒಳ್ಳೆಯ ನಿರ್ಧಾರವೇ. ಎರಡೂ ಲೆಕ್ಕದಲ್ಲಿ ಬಾಡಿಗೆ ಒಂದೇ, ಸಾಲ ಒಂದೇ, ತೆರಿಗೆಯ ನಿಯಮವೂ ಒಂದೇ. ಬದಲಾದದ್ದು ಬೆಲೆಯ ಏರಿಕೆ ಮಾತ್ರ. ಆದ್ದರಿಂದ ತೆರಿಗೆಯ ಬಗ್ಗೆ ಕೇಳುವ ಪ್ರಶ್ನೆಗಳಿಗಿಂತ ಹೆಚ್ಚಾಗಿ ಆ ಬಡಾವಣೆಯ ಬಗ್ಗೆ ಕೇಳಬೇಕು: ಸುತ್ತ ಇನ್ನೆಷ್ಟು ಅಪಾರ್ಟ್‌ಮೆಂಟುಗಳು ಏಳುತ್ತಿವೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿಯೇ, ಹತ್ತು ವರ್ಷ ಹಳೆಯ ಫ್ಲ್ಯಾಟುಗಳು ಅಲ್ಲಿ ಈಗ ಯಾವ ಬೆಲೆಗೆ ಹೋಗುತ್ತಿವೆ, ನಿಮ್ಮ ಪಾಲಿಗೆ ಬರುವ ಅವಿಭಜಿತ ನೆಲ ಎಷ್ಟು ಚದರಡಿ. ಹಳತಾಗುತ್ತಾ ಬೆಲೆ ಕಳೆದುಕೊಳ್ಳುವುದು ಕಟ್ಟಡ, ಬೆಲೆ ಏರುವುದು ನೆಲದ್ದು.

ಮಾರುವಾಗಿನ ತೆರಿಗೆಯಲ್ಲಿ ಮನೆಗೆ ಇನ್ನೂ ಒಂದಿಷ್ಟು ಔದಾರ್ಯ ಉಳಿದಿದೆ. 24 ತಿಂಗಳು ಮೀರಿ ಇಟ್ಟುಕೊಂಡ ಮನೆಯ ಲಾಭಕ್ಕೆ ಶೇಕಡ 12.5ರ ದರ. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಗೆ ಹಣದುಬ್ಬರ ಹೊಂದಿಸಿ ಶೇಕಡ 20 ಕಟ್ಟುವ ಆಯ್ಕೆಯೂ ಇದೆ, ಈಗ ಕೊಳ್ಳುವ ನಿಮಗೆ ಅದಿಲ್ಲ. ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಕೊಂಡ ಬೆಲೆಗೆ ಸೇರಿಸಿಕೊಳ್ಳಬಹುದು, ರಸೀದಿಗಳನ್ನು ಜೋಪಾನ ಮಾಡಿ. ಬಾಡಿಗೆಯ ಎದುರು ಒಮ್ಮೆ ಕಳೆದುಕೊಂಡ ಬಡ್ಡಿಯನ್ನು ಮತ್ತೆ ಬೆಲೆಗೆ ಸೇರಿಸುವ ರೂಢಿಗೆ 2023ರಲ್ಲಿ ತಡೆ ಬಿತ್ತು. ಬಂದ ಲಾಭವನ್ನು ಎರಡು ವರ್ಷದೊಳಗೆ ಭಾರತದಲ್ಲೇ ಇನ್ನೊಂದು ವಾಸದ ಮನೆ ಕೊಳ್ಳಲು, ಅಥವಾ ಮೂರು ವರ್ಷದೊಳಗೆ ಕಟ್ಟಿಸಲು ಹಾಕಿದರೆ ಅಷ್ಟರ ಮಟ್ಟಿಗೆ ತೆರಿಗೆಯೇ ಬರುವುದಿಲ್ಲ. ಮನೆ ಬೇಡವಾದರೆ ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ 50 ಲಕ್ಷದವರೆಗೆ ಐದು ವರ್ಷಕ್ಕೆ ಇಡಬಹುದು. ಠೇವಣಿಯ ಬಡ್ಡಿಗೆ ಇಂಥ ಯಾವ ದಾರಿಯೂ ಇಲ್ಲ.

ಕೊಳ್ಳುವ ಹಂತದಲ್ಲಿ ಒಂದು ಎಚ್ಚರ. 50 ಲಕ್ಷ ಅಥವಾ ಅದಕ್ಕೂ ಹೆಚ್ಚು ಬೆಲೆಯ ಆಸ್ತಿಯಾದ್ದರಿಂದ ಮಾರುವವರಿಗೆ ಹಣ ಕೊಡುವಾಗ ಶೇಕಡ 1, ಅಂದರೆ 80,000 ರೂಪಾಯಿ, ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ನಿಮ್ಮದೇ. ಮರುಮಾರಾಟದ ಫ್ಲ್ಯಾಟಾಗಿದ್ದು ಮಾಲೀಕರು ವಿದೇಶದಲ್ಲಿ ನೆಲೆಸಿದವರಾದರೆ, ಬೆಂಗಳೂರಿನಲ್ಲಿ ಇದು ಅಪರೂಪವೇನಲ್ಲ, ಈ ಶೇಕಡ 1ರ ನಿಯಮ ಅನ್ವಯಿಸುವುದಿಲ್ಲ. ಹಿಡಿಯಬೇಕಾದ ಮೊತ್ತ ಬಹಳ ಹೆಚ್ಚಿರುತ್ತದೆ, ತಪ್ಪಿದರೆ ಇಲಾಖೆ ಬರುವುದು ನಿಮ್ಮ ಬಳಿಗೆ. ಇ-ಖಾತೆ, ಸ್ವಾಧೀನ ಪ್ರಮಾಣಪತ್ರ, ಋಣಭಾರ ಪತ್ರ ಇವನ್ನು ಮುಂಗಡ ಕೊಡುವ ಮೊದಲೇ ವಕೀಲರಿಂದ ನೋಡಿಸಿ.

ಈಗ ಭೋಗ್ಯದ ಮಾತು. ಬೆಂಗಳೂರಿನಲ್ಲಿ ದೊಡ್ಡ ಮೊತ್ತವನ್ನು ಒಮ್ಮೆಗೇ ಪಡೆದು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷಕ್ಕೆ ಮನೆ ಬಿಟ್ಟುಕೊಡುವ ಪದ್ಧತಿ ಹಳೆಯದು. ಬಾಡಿಗೆಯೇ ಇಲ್ಲದ ಮೇಲೆ ತೆರಿಗೆ ಎಲ್ಲಿಯದು ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಆದಾಯ ತೆರಿಗೆ ಕಾನೂನು ನೋಡುವುದು ಕೈಗೆ ಬಂದ ಬಾಡಿಗೆಯನ್ನು ಮಾತ್ರವಲ್ಲ, ಆ ಮನೆಗೆ ನ್ಯಾಯವಾಗಿ ಎಷ್ಟು ಬಾಡಿಗೆ ಬರಬಹುದಿತ್ತು ಎಂಬುದನ್ನೂ ನೋಡುತ್ತದೆ. ಎರಡರಲ್ಲಿ ಹೆಚ್ಚಿನದೇ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಭೋಗ್ಯಕ್ಕೆ ಕೊಟ್ಟ ಮನೆಯೂ ತೆರಿಗೆಯಿಂದ ಹೊರಗಲ್ಲ. ಪಡೆದ ಹಣವನ್ನು ಠೇವಣಿಯಲ್ಲಿಟ್ಟರೆ ಅದರ ಬಡ್ಡಿಗೆ ಶೇಕಡ 30ರ ಕಡಿತವೂ ಇಲ್ಲ, ಹಾಗಾಗಿ ತೆರಿಗೆ ತಪ್ಪಿಸಲು ಹೋಗಿ ಇದ್ದ ಅನುಕೂಲವನ್ನೂ ಕಳೆದುಕೊಂಡಂತಾಗುತ್ತದೆ. ಇಂಥ ವ್ಯವಹಾರದಲ್ಲಿ ನಗದು ಓಡಾಡುವುದು ಇನ್ನೂ ಅಪಾಯ: 20,000 ಅಥವಾ ಅದಕ್ಕೂ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆದರೆ ಪಡೆದಷ್ಟೇ ದಂಡ ಬೀಳಬಹುದು. ಸಾಲಕ್ಕೆ ಅಡವಿಟ್ಟ ಮನೆಯನ್ನು ಬ್ಯಾಂಕಿನ ಒಪ್ಪಿಗೆಯಿಲ್ಲದೆ ಭೋಗ್ಯಕ್ಕೆ ಕೊಡುವಂತೆಯೂ ಇಲ್ಲ. ಮಾಮೂಲಿ ಬಾಡಿಗೆ ಕರಾರೇ ವಾಸಿ: ಒಂದು ವರ್ಷದೊಳಗಿನ ಅವಧಿಗೆ ನೋಂದಣಿ ಕಡ್ಡಾಯವಲ್ಲವಾದ್ದರಿಂದ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಅದರಲ್ಲಿ ಬಾಡಿಗೆ ಏರಿಕೆ, ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ ಮುಂಗಡದಲ್ಲಿ ಹಿಡಿಯುವ ಮೊತ್ತ, ಸಂಘದ ನಿರ್ವಹಣಾ ಶುಲ್ಕ ಯಾರದ್ದು ಎಂಬುದನ್ನು ಸ್ಪಷ್ಟವಾಗಿ ಬರೆಸಿ. ನಿರ್ವಹಣಾ ಶುಲ್ಕವನ್ನು ಬಾಡಿಗೆದಾರರು ನೇರವಾಗಿ ಸಂಘಕ್ಕೆ ಕಟ್ಟುವಂತಿದ್ದರೆ ಅದು ನಿಮ್ಮ ಬಾಡಿಗೆಯ ಲೆಕ್ಕಕ್ಕೆ ಸೇರಿ ತೆರಿಗೆ ಹೆಚ್ಚಿಸುವ ಗೊಂದಲ ತಪ್ಪುತ್ತದೆ. ಬಾಡಿಗೆಯನ್ನು ಮುಚ್ಚಿಡುವ ಯೋಚನೆ ಮಾತ್ರ ಬೇಡ. ವರ್ಷಕ್ಕೆ 1 ಲಕ್ಷ ಮೀರಿದ ಬಾಡಿಗೆಗೆ ಎಚ್‌ಆರ್‌ಎ ವಿನಾಯಿತಿ ಬೇಕೆಂದರೆ ನೌಕರರು ಮಾಲೀಕರ ಪ್ಯಾನ್ ಕೊಡಲೇಬೇಕು, ಮಾಹಿತಿ ಅಲ್ಲಿಂದಲೇ ಇಲಾಖೆಗೆ ತಲುಪುತ್ತದೆ.

ಇದೆಲ್ಲ ನೋಡಿದ ಮೇಲೆ ನನ್ನ ಸಲಹೆ ಹೀಗಿದೆ. ಈ ರೂಪದಲ್ಲಿ ಈ ಖರೀದಿ ಬೇಡ. ಅದಕ್ಕೆ ಫ್ಲ್ಯಾಟು ಕೆಟ್ಟದ್ದೆಂಬುದಲ್ಲ ಕಾರಣ. 40 ಲಕ್ಷದ ಠೇವಣಿಯಲ್ಲಿ 39 ಲಕ್ಷ ಕರಗಿಸಿ, ಮೇಲೆ 50 ಲಕ್ಷ ಸಾಲ ಹೊತ್ತು, 66ನೆಯ ವಯಸ್ಸಿನವರೆಗೆ ಕಂತು ಕಟ್ಟುವ ಏರ್ಪಾಟು ನಿಮ್ಮ ಸಂಸಾರಕ್ಕೆ ಭಾರ. ಸಾಲ 24 ಲಕ್ಷದ ಸುತ್ತ ನಿಲ್ಲುವಂತೆ, 55 ಲಕ್ಷದೊಳಗೆ ಸಿಗುವ ಮನೆ ಇದ್ದರೆ ನೋಡಿ. ಆಗ ಕಂತು 21,000ದ ಆಸುಪಾಸಿಗೆ ಇಳಿಯುತ್ತದೆ, ಬಾಡಿಗೆ ಅದರ ಬಹುಪಾಲನ್ನು ಹೊರುತ್ತದೆ. ಬಾಡಿಗೆದಾರರು, ಪ್ಲಂಬರ್, ಸಂಘದ ಸಭೆ ಇವನ್ನೆಲ್ಲ ಹುಬ್ಬಳ್ಳಿಯಿಂದ ನಿಭಾಯಿಸುವುದು ಆಗದ ಮಾತು ಎನ್ನಿಸಿದರೆ, ಹಲವರ ಹಣವನ್ನು ಬಾಡಿಗೆ ಕಟ್ಟಡಗಳಲ್ಲಿ ಹೂಡುವ, ಷೇರಿನಂತೆ ಕೊಳ್ಳಬಹುದಾದ ರೀಟ್ ಎಂಬ ನಿಧಿಗಳಿವೆ. 2019ರಲ್ಲಿ ಷೇರುಪೇಟೆಗೆ ಬಂದ ದೇಶದ ಮೊದಲ ರೀಟ್ ಬೆಂಗಳೂರಿನ ಎಂಬೆಸಿ ಸಂಸ್ಥೆಯದ್ದೇ. ಕಚೇರಿ ಕಟ್ಟಡಗಳ ಬಾಡಿಗೆಯಲ್ಲಿ ಹಂಚಬಹುದಾದ ಹಣದ ಕನಿಷ್ಠ ಶೇಕಡ 90ನ್ನು ರೀಟ್‌ಗಳು ಹೂಡಿಕೆದಾರರಿಗೆ ಕೊಡಲೇಬೇಕು. ಷೇರಿನಂತೆಯೇ ಅದರ ಬೆಲೆಯೂ ಏರಿಳಿಯುತ್ತದೆ ಎಂಬ ಅರಿವಿದ್ದು, ಸಣ್ಣ ಮೊತ್ತದಿಂದ ಅದನ್ನು ಆರಂಭಿಸಬಹುದು.

ಕೊಳ್ಳುವುದೇ ಆದರೆ ಯಾರ ಹೆಸರಿನಲ್ಲಿ? ನಿಮ್ಮಿಬ್ಬರ ಜಂಟಿ ಹೆಸರಿನಲ್ಲಿ ಕೊಳ್ಳಿ, ಆದರೆ ಇಬ್ಬರೂ ನಿಜವಾಗಿ ಹಣ ಹಾಕಿದ ಪ್ರಮಾಣದಲ್ಲಿ. ನಿಮ್ಮ ಪತಿಯ 7 ಲಕ್ಷದ ಆದಾಯಕ್ಕೆ ಬಾಡಿಗೆಯ ಪಾಲು ಸೇರಿದರೂ ಅದು 12 ಲಕ್ಷದೊಳಗೇ ಇರುವುದರಿಂದ ಹೊಸ ಪದ್ಧತಿಯಲ್ಲಿ ಅವರ ಪಾಲಿಗೆ ತೆರಿಗೆ ಬರುವುದಿಲ್ಲ. ಸಾಲ ತೀರುತ್ತಾ ಬಂದು ಬಾಡಿಗೆ ತೆರಿಗೆಗೆ ಒಳಪಡುವ ಹೊತ್ತಿಗೆ ಇದು ಉಪಯೋಗಕ್ಕೆ ಬರುತ್ತದೆ. ನಿಮ್ಮ ಹಣವನ್ನೇ ಅವರಿಗೆ ಉಡುಗೊರೆಯಾಗಿ ಕೊಟ್ಟು ಅವರ ಹೆಸರಿನಲ್ಲಿ ಬರೆಸಿದರೆ ಪ್ರಯೋಜನವಿಲ್ಲ, ಆ ಬಾಡಿಗೆಯನ್ನು ಕಾನೂನು ನಿಮ್ಮ ಆದಾಯವೆಂದೇ ಹಿಡಿಯುತ್ತದೆ. ಅಂಗಡಿಯ ಉಳಿತಾಯದಿಂದ ಅವರು ಹಾಕುವ ಹಣ ಅವರ ಖಾತೆಯಿಂದಲೇ ಮಾರುವವರ ಖಾತೆಗೆ ಹೋಗಲಿ, ಸಾಲಕ್ಕೂ ಇಬ್ಬರೂ ಸಹಿ ಹಾಕಿ, ಕಂತಿನ ಅವರ ಪಾಲನ್ನು ಅವರೇ ಕಟ್ಟಲಿ. ಕ್ರಯಪತ್ರದಲ್ಲಿ ಬರೀ ಇಬ್ಬರ ಹೆಸರು ಬರೆಸಿ ಬಿಡಬೇಡಿ, ಯಾರ ಪಾಲು ಶೇಕಡ ಎಷ್ಟು ಎಂಬುದನ್ನೂ ನಮೂದಿಸಲು ಪತ್ರ ಬರೆಯುವವರಿಗೆ ಮೊದಲೇ ಹೇಳಿ.